ಪ್ರೇರಿ ಡಾಗ್‌ನ ಬಿಲ

ಬೆಳಗಿನಿಂದ ಮನಸ್ಸೆಲ್ಲ ಅಮೆರಿಕದ ಹುಲ್ಲುಗಾವಲಿನ ಪ್ರೇರಿ ಡಾಗ್‌ಗಳ ಮೇಲೆಯೇ ಇದೆ. ಅಳಿಲಿನ ವಂಶದ ಈ ಪುಟ್ಟ ಜೀವಿ ತೋಡುವ ಬಿಲವನ್ನು ನೋಡಬೇಕು! ಬಿಲದ ಒಂದು ಬಾಯಿಯ ಸುತ್ತ ಮಣ್ಣನ್ನು ಎತ್ತರಕ್ಕೆ ಒಟ್ಟಿ, ಮೂಗಿನಿಂದ ಒತ್ತಿ ಒತ್ತಿ ಗಟ್ಟಿ ಮಾಡುತ್ತದೆ. ಇನ್ನೊಂದನ್ನು ತಗ್ಗಾಗಿಯೇ ಬಿಡುತ್ತದೆ. ಮೇಲೆ ಗಾಳಿ ಬೀಸಿದರೆ ಸಾಕು, ಒಳಗಿನ ಗಾಳಿ ಎತ್ತರದ ಬಾಯಿಂದ ಹೊರಬಿದ್ದು, ತಗ್ಗಿನ ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ಎಂಥ ಬುದ್ಧಿ! ಮನೆಯವರು ಎದುರಾದರೆ ಹಲ್ಲಿಗೆ ಹಲ್ಲು ತಾಗಿಸಿ ಗುರುತು ಹಿಡಿಯುತ್ತವೆ.

ಇಂಥವನ್ನು ಪೀಡೆಯೆಂದು ವಿಷವಿಟ್ಟು ಕೊಂದರಲ್ಲ ಎಂದು ಹೊಟ್ಟೆ ಉರಿಯುತ್ತದೆ. ಇವನ್ನೇ ತಿಂದು, ಇವುಗಳ ಬಿಲದಲ್ಲೇ ಒಕ್ಕಲಿರುವ ಕಪ್ಪುಗಾಲಿನ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿ ಕೂಡ ಅಳಿದೇ ಹೋಯಿತೆಂದು ಭಾವಿಸಿದ್ದರು. 1981ರಲ್ಲಿ ವಯೋಮಿಂಗ್ ರಾಜ್ಯದ ಮೀಟೀಟ್ಸಿ ಊರಿನ ಬಳಿ ಸಾಕುನಾಯಿಯೊಂದು ಸತ್ತ ಫೆರೆಟ್ ಒಂದನ್ನು ಮನೆಗೆ ಕಚ್ಚಿ ತಂದಾಗಲೇ ಅವು ಉಳಿದಿರುವುದು ತಿಳಿದದ್ದು. ಆದರೂ ಪ್ರೇರಿ ಡಾಗ್‌ಗಳಿಗೆ ವಿಷವಿಡುವುದು ಇನ್ನೂ ನಿಂತಿಲ್ಲ.