ಬ್ಯಾಗ್ ಎಲ್ಲಿದೆ ಅಂತ ಸ್ಪ್ಯಾನಿಷ್‌ನಲ್ಲಿ ಹೇಳುವುದು

ಹೋಂಸ್ಟೇ ಕೆಲಸಕ್ಕೆ ಸ್ಪ್ಯಾನಿಷ್ ಕಲಿಯುತ್ತೇನೆ ಅಂದರೆ ಎಲ್ಲರೂ ಕೊಡುವ ಸಲಹೆ ಒಂದೇ, ಮೊದಲು ವಸ್ತುಗಳ ಹೆಸರು ಬಾಯಿಪಾಠ ಮಾಡು ಅಂತ. ಆಗುಂಬೆ ಹತ್ತಿರದ ನಮ್ಮ ಹೋಂಸ್ಟೇಯಲ್ಲಿ ಕೆಲಸ ಮಾಡುತ್ತಾ ನನಗೆ ಅನ್ನಿಸಿದ್ದು ಉಲ್ಟಾ. ವಸ್ತುವಿನ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಕೇಳುವಾಗ ಅತಿಥಿಗಳೇ ಹೇಳುತ್ತಾರೆ. ಜಾಗ ಹೇಳಲು ಬರದಿದ್ದರೆ ಕಷ್ಟ. ಸಾಮಾನು ಕಾಣುತ್ತಿಲ್ಲ ಅಂತ ಗೊತ್ತಾಗುವುದು ಸಾಮಾನ್ಯವಾಗಿ ಕಾರು ಹೊರಟ ಮೇಲೆ. ಆಗ ಮಾತೆಲ್ಲ ಫೋನಿನಲ್ಲಿ. ಫೋನಿನಲ್ಲಿ ಬೆರಳು ಮಾಡಿ ತೋರಿಸೋಕಾಗುತ್ತಾ?

ಪ್ರಶ್ನೆ 'ದೋಂದೆ ಎಸ್ತಾ' ಅಂತ ಬರುತ್ತದೆ, ಎಲ್ಲಿದೆ ಅಂತ. ಒಂದಕ್ಕಿಂತ ಜಾಸ್ತಿ ಇದ್ದರೆ 'ದೋಂದೆ ಎಸ್ತಾನ್'. ನಾವು ಶೂ ಇದೆ, ಕನ್ನಡಕ ಇದೆ ಅಂತ 'ಇದೆ'ಯಲ್ಲೇ ಮುಗಿಸುತ್ತೇವೆ. ಅವರಿಗೆ ಜೋಡಿ ಶೂ ಬಹುವಚನ, 'ಗಾಫಾಸ್' ಅನ್ನುವ ಕನ್ನಡಕವೂ ಬಹುವಚನ. 'ಇರು' ಅನ್ನೋಕೆ ಆ ಭಾಷೆಯಲ್ಲಿ 'ಸೆರ್', 'ಎಸ್ತಾರ್' ಅಂತ ಎರಡು ಕ್ರಿಯಾಪದ ಇವೆ, ಕಲಿಯುವವರೆಲ್ಲ ಅಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ಸಾಮಾನು ಎಲ್ಲಿದೆ ಅನ್ನೋಕೆ ಎಸ್ತಾರ್ ಒಂದೇ ಸಾಕು.

ಇನ್ನು ಮಳೆಗಾಲ. ಆಗ ನಮ್ಮಲ್ಲಿ ಯಾರ ಸಾಮಾನೂ ಇಟ್ಟಲ್ಲಿ ಇರುವುದಿಲ್ಲ. ಕುಂದಾದ್ರಿಗೆ ಹೋಗಿ ನೆನೆದು ಬಂದವರ ಶೂಗಳಿಗೆ ಅಡುಗೆಮನೆಯ ಅಕ್ಕ ಹಳೇ ಪೇಪರ್ ತುರುಕಿ ಬಚ್ಚಲ ಒಲೆ ಪಕ್ಕ ಒರಗಿಸುತ್ತಾರೆ, ಜಾಕೆಟ್ ಬಾಗಿಲ ಹಿಂದಿನ ಗೂಟಕ್ಕೆ ಹೋಗುತ್ತದೆ, ಸಾಕ್ಸ್ ಹಂಡೆ ಮೇಲೆ ಕಟ್ಟಿದ ಹಗ್ಗಕ್ಕೆ. ಬೆಳಿಗ್ಗೆ ಅತಿಥಿಗಳು ರೂಮೆಲ್ಲ ಜಾಲಾಡಿದರೂ ಏನೂ ಸಿಗಲ್ಲ. 'ಲೋಸ್ ಸಪಾತೋಸ್ ಎಸ್ತಾನ್ ಅಲ್ ಲಾದೊ ದೆಲ್ ಫುಯೇಗೊ', ಶೂ ಬೆಂಕಿ ಪಕ್ಕ ಇದೆ. ಜಾಕೆಟ್ 'ದೆತ್ರಾಸ್ ದೆ ಲಾ ಪುಯೇರ್ತಾ', ಬಾಗಿಲ ಹಿಂದೆ. ನಾವು ಮಂಚದ ಕೆಳಗೆ ಅಂದರೆ ಅವರು 'ದೆಬಾಹೊ ದೆ ಲಾ ಕಾಮಾ' ಅನ್ನುತ್ತಾರೆ, 'ಕೆಳಗೆ' ಮೊದಲು ಬಂದು ಮಂಚ ಆಮೇಲೆ. ಇವುಗಳ ಜೊತೆ ಮೇಲೆ ಅನ್ನೋಕೆ 'ಎನ್ಸೀಮಾ ದೆ', ಒಳಗೆ ಅನ್ನೋಕೆ 'ದೆಂತ್ರೊ ದೆ' ಬಂದರೆ ಮನೆಯೊಳಗಿನ ವ್ಯವಹಾರ ಹೆಚ್ಚುಕಮ್ಮಿ ಮುಗಿಯಿತು.

ಘಾಟಿಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಅದಕ್ಕೆ ನಾನು ದೊಡ್ಡ ಜಾಗ ಮೊದಲು ಹೇಳುತ್ತೇನೆ. 'ಎಸ್ತಾ ಎನ್ ಎಲ್ ಕೋಚೆ', ಕಾರಿನಲ್ಲೇ ಇದೆ. ಅಷ್ಟು ಕಿವಿಗೆ ಬಿದ್ದರೆ ಸಾಕು, ಪಾಸ್‌ಪೋರ್ಟ್ ಹೋಯಿತು ಅಂತ ಗಾಬರಿಯಾದವರಿಗೆ ಜೀವ ಬರುತ್ತದೆ, ಸೋಮೇಶ್ವರ ಕಡೆ ಇಳಿದ ಡ್ರೈವರ್ ಅಣ್ಣ ಸುಮ್ನೆ 14 ತಿರುವು ವಾಪಸ್ ಹತ್ತಿ ಬರುವುದೂ ತಪ್ಪುತ್ತದೆ. ಸೀಟಿನ ಹಿಂದೆಯೋ ಕಪ್ಪು ಬ್ಯಾಗಿನ ಒಳಗೋ ಅನ್ನುವುದು ಆಮೇಲೆ. ಡಿಕ್ಕಿಯಲ್ಲಿದ್ದರೆ ಇನ್ನೊಂದು ತಕರಾರು, ಅದಕ್ಕೆ ದೇಶಕ್ಕೊಂದು ಹೆಸರು: ಸ್ಪೇನಿನವರು 'ಮಾಲೆತೇರೊ' ಅನ್ನುತ್ತಾರೆ, ಮೆಕ್ಸಿಕೊದವರು 'ಕಾಹುಯೇಲಾ', ಅರ್ಜೆಂಟೀನಾದವರು 'ಬಾಊಲ್'. ನಾನು 'ಆತ್ರಾಸ್' ಅಂದುಬಿಡುತ್ತೇನೆ, ಹಿಂದೆ ಅಂತ. ಎಲ್ಲರಿಗೂ ಅರ್ಥವಾಗುತ್ತದೆ.

ರೂಮು ಗುಡಿಸುವಾಗ ಯಾರದೋ ವಾಚು ಸಿಕ್ಕರೆ ಅದಕ್ಕೆ ಎಸ್ತಾ ಬೇಡ. 'ಆಯ್ ಉನ್ ರೆಲೋಹ್', ಒಂದು ವಾಚಿದೆ ಅಂತ ಶುರು ಮಾಡಿ, 'ದೆ ಕಿಯೆನ್ ಎಸ್' ಅಂತ ಕೇಳಬೇಕು, ಯಾರದು ಅಂತ. ಗಂಡ ಹೆಂಡತಿ ಬಂದಿದ್ದಾಗ 'ಸು' ಹಾಕಿ ಮಾತಾಡಬೇಡಿ. ಅವನದ್ದು, ಅವಳದ್ದು, ನಿಮ್ಮದು ಎಲ್ಲವೂ ಅದೇ ಪದ. 'ದೆ ಏಯಾ' ಅಂದರೆ ಅವಳದ್ದು ಅಂತ ಸ್ಪಷ್ಟ.

ಛತ್ರಿ ಬಗ್ಗೆಯೂ ಹೇಳಬೇಕು, ಇಲ್ಲಿ ಅತಿಥಿಗಳು ಜಾಸ್ತಿ ಮರೆತು ಹೋಗುವುದು ಅದನ್ನೇ ಅಲ್ವಾ. 'ಪರಾಗ್ವಾಸ್' ಅನ್ನುವುದು ಕೇಳಿದರೆ ಬಹುವಚನದ ಹಾಗಿದೆ, ಆದರೆ ಒಂದಕ್ಕೂ ಹತ್ತಕ್ಕೂ ಅದೇ ಪದ. ಒಂದೇ ಛತ್ರಿ ಜಗುಲಿಯಲ್ಲಿ ಉಳಿದಿದ್ದರೆ 'ಎಲ್ ಪರಾಗ್ವಾಸ್ ಎಸ್ತಾ ಆಕೀ' ಅನ್ನಿ.