ಸುಣ್ಣ ಸ್ವಲ್ಪ ಜಾಸ್ತಿ

ಜೂನ್ 8, 2025, ಆದಿತ್ಯವಾರ
ಪೆರ್ಲದ ಹತ್ತಿರ, ಕಾಸರಗೋಡು

ಕಡೆಗೂ ಇವತ್ತು ಅಡಿಕೆಗೆ ಮದ್ದು ಬಿಟ್ಟಾಯಿತು. ಪೂರ್ತಿ ಅಲ್ಲ, ಕೆಳಗಿನ ತೋಟ ಮಾತ್ರ. ಮೇಲಿನದು ನಾಳೆ, ದೇವರು ಬಿಸಿಲು ಕೊಟ್ಟರೆ.

ಈ ವರ್ಷದ ಮಳೆಯ ಕಥೆ ಗೊತ್ತೇ ಉಂಟಲ್ಲ. ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂತು, 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲಂತೆ. ನಾವು ಅಡಿಕೆಯವರು ಮಳೆ ಹಿಡಿಯುವ ಮೊದಲೇ ಒಂದು ಸಲ ಮದ್ದು ಬಿಟ್ಟು, 40–45 ದಿನ ಕಳೆದು ಇನ್ನೊಂದು ಸಲ ಬಿಡುವುದು. ಇಲ್ಲದಿದ್ದರೆ ಮಹಾಳಿ, ಅದೇ ಕೊಳೆರೋಗ, ಬಂದು ನಳ್ಳಿಯೆಲ್ಲ (ಎಳೆ ಅಡಿಕೆ) ಕೊಳೆತು ಬುಡದಲ್ಲಿ ರಾಶಿ ಬೀಳ್ತದೆ. ನಮ್ಮಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್) ತಂದು ಇಟ್ಟಾಗಿತ್ತು, ಮದ್ದು ಬಿಡುವ ಹುಡುಗನೂ 26ಕ್ಕೆ ಬರ್ತೇನೆ ಅಕ್ಕಾ ಅಂದಿದ್ದ. ಎಂತ ಮಾಡುವುದು, ಆ ವಾರವಿಡೀ ಹೊಯ್ದದ್ದೇ ಹೊಯ್ದದ್ದು. ಈಗ ಕೆಲವು ದಿನದಿಂದ ಸ್ವಲ್ಪ ಹೊಳವು. ಊರಿನ ಎಲ್ಲರಿಗೂ ಒಟ್ಟಿಗೇ ಜನ ಬೇಕು. ನಮ್ಮ ಸರದಿ ಇವತ್ತು ಬಂತು.

ಬೆಳಿಗ್ಗೆ ಆರೂವರೆಗೇ ಇವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಡ್ರಮ್ ಕಾಣುವ ಹಾಗೆ ಕುರ್ಚಿ ತಿರುಗಿಸು ಅಂತ ಕೈಸನ್ನೆ. ತಿರುಗಿಸಿದೆ. ಇನ್ನೂ ಸ್ವಲ್ಪ. ಮತ್ತೆ ತಿರುಗಿಸಿದೆ. ತೆಳ್ಳವು (ತೆಳು ದೋಸೆ) ಆರಿಹೋಗ್ತಾ ಇತ್ತು, ನನಗೆ ಸಿಟ್ಟೂ ಬಂತು.

ಮದ್ದು ಮಾಡುವುದು ನಾನೇ. ಮೊದಲಿಂದಲೂ ನಾನೇ, ಆಗ ಇವರು ಕಾಲಿಗೆ ಹಗ್ಗದ ತಳೆ ಹಾಕಿ ಮರ ಹತ್ತುತ್ತಿದ್ದರು, ಈಗ ಆ ಹುಡುಗ ಕೆಳಗೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲು) ಬಿಡ್ತಾನೆ, ಅಷ್ಟೇ ವ್ಯತ್ಯಾಸ. ಒಂದು ಕಿಲೋ ತುತ್ತು 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ, ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಆಮೇಲೆ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಬೇಕು. ಉಲ್ಟಾ ಮಾಡಬಾರದು. ಹದ ಬಂತಾ ಇಲ್ವಾ ಅಂತ ನೋಡುವುದಕ್ಕೆ ಉಜ್ಜಿದ ಕಬ್ಬಿಣದ ಚೂರಿ ಅದ್ದಿ ತೆಗೆಯುವುದು. ಚೂರಿಯ ಮೇಲೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ.

ಚೂರಿ ಅದ್ದುವುದು ಮಾತ್ರ ಇವರದ್ದೇ ಕೆಲಸ. ಎಡಗೈಯಲ್ಲಿ ಹಿಡಿದು, ಮುಂದೆ ಬಾಗಿ, ಅದ್ದಿ, ತೆಗೆದು, ಬಿಸಿಲಿಗೆ ತಿರುಗಿಸಿ ನೋಡ್ತಾರೆ. ಒಂದು ಸಲ ಅಲ್ಲ, ಮೂರು ಸಲ. ಹುಡುಗ ಪೈಪು ಹಿಡಿದು ಕಾಯ್ತಾ ನಿಲ್ಲಬೇಕು.

ಐದು ವರ್ಷ ಆಯಿತು.

2020ರ ಮಾರ್ಚ್ ಕೊನೆಯ ವಾರ. ಬೆಳಿಗ್ಗೆ ಐದಕ್ಕೆ ಎಬ್ಬಿಸುವಾಗ ಇವರ ಬಲಗೈ ಬಟ್ಟೆಯ ಹಾಗೆ ಜೋತು ಬಿತ್ತು, ಬಾಯಿ ಒಂದು ಬದಿಗೆ ಹೋಗಿತ್ತು. ನಮಗೆ ಆಸ್ಪತ್ರೆ ಅಂದರೆ ಮಂಗಳೂರೇ. ಗಡಿಯ ಸಾರಡ್ಕ ದಾಟಿದರೆ ಕರ್ನಾಟಕದ ವಿಟ್ಲ, ಅಲ್ಲಿಂದ ಮುಂದೆ ಕಣ್ಣು ಮುಚ್ಚಿ ಹೋಗಬಹುದು, ನನ್ನ ಎರಡು ಹೆರಿಗೆಯೂ ಆ ಕಡೆಯೇ ಆದದ್ದು. ಆದರೆ ಆ ವಾರ ಲಾಕ್‌ಡೌನ್. ಗಡಿಯ ರಸ್ತೆಗಳಿಗೆ ಮಣ್ಣು ಸುರಿದಿದ್ದರು. ತಲಪಾಡಿ ಗಡಿಯಿಂದ ಆಂಬುಲೆನ್ಸುಗಳು ವಾಪಸ್ ಬರ್ತಾ ಇವೆ ಅಂತ ಸುದ್ದಿ. ಭಾವನ ಮಗ ಜೀಪು ತಂದ, ದಕ್ಷಿಣಕ್ಕೆ ತಿರುಗಿಸಿದ. ಕಣ್ಣೂರು ಕಡೆಯ ಆಸ್ಪತ್ರೆಗೆ. ದಾರಿಯಲ್ಲಿ ಎಷ್ಟು ಕಡೆ ಪೊಲೀಸರು ನಿಲ್ಲಿಸಿದರು ಅಂತ ಲೆಕ್ಕ ಇಟ್ಟಿಲ್ಲ. ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ಇಂಜೆಕ್ಷನ್ ಉಂಟಂತೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಿದ್ದೆಯಲ್ಲಿ ಎಷ್ಟು ಹೊತ್ತಿಗೆ ಆದದ್ದು ಅಂತ ಡಾಕ್ಟರು ಕೇಳಿದರು. ನಾನು ಪಕ್ಕದಲ್ಲೇ ಮಲಗಿದ್ದೆ. ನನಗೆ ಗೊತ್ತಿರಲಿಲ್ಲ.

ಅದನ್ನು ಇಷ್ಟಕ್ಕೇ ಬಿಡ್ತೇನೆ.

ಜೀವ ಉಳಿಯಿತು, ಕಾಲು ಸುಮಾರಿಗೆ ಬಂತು, ಕೈ ಬರಲಿಲ್ಲ. ಮಾತು ಹೋಗಿತ್ತು. ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥ ಹೇಳಲು ಕೂತರೆ ಎದುರಿನವರು ಬೆವರಬೇಕು, ಅಂಥ ಮನುಷ್ಯ. ಊರಿನವರು ಇವರನ್ನು ರಾತ್ರಿ ಎರಡು ಗಂಟೆಗೂ ಕರೆದುಕೊಂಡು ಹೋಗ್ತಿದ್ದರು. ಬೆಳಿಗ್ಗೆ ಬಂದು ಸೋತವರ ವಾದವನ್ನೂ ಗೆದ್ದವರ ವಾದವನ್ನೂ ತಾವೇ ನನಗೆ ಮತ್ತೊಮ್ಮೆ ಹೇಳ್ತಿದ್ದರು, ನಾನು ದನ ಕರೆಯುತ್ತಾ ಕೇಳ್ತಿದ್ದೆ. ಅಂಥವರಿಗೆ "ನೀರು" ಅನ್ನಲಿಕ್ಕೆ ಆಗದು.

ಮಾತು ಕಲಿಸುವ ಹುಡುಗಿ ಮಲಯಾಳಿ. ಬಹಳ ಪಾಪದವಳು. ಚಿತ್ರದ ಕಾರ್ಡು ತೋರಿಸಿ ಇದೆಂತ ಅಂತ ಕೇಳುವುದು. ಹಲಸಿನಕಾಯಿ ತೋರಿಸಿ "ಚಕ್ಕ" ಅಂತಾಳೆ, ಇವರು ನನ್ನ ಮುಖ ನೋಡ್ತಾರೆ. ಪೇಟೆಯಲ್ಲಿ ಮಲಯಾಳದಲ್ಲೇ ಜಗಳ ಆಡ್ತಿದ್ದವರು, ಈಗ ಅದೂ ಇಲ್ಲ, ಇದೂ ಇಲ್ಲ. ಕಾರ್ಡಿನ ಹಿಂದೆ ನಾನು ಕನ್ನಡದಲ್ಲಿ ಬರೆದುಕೊಂಡೆ. ಒಂದು ದಿನ ಅವಳು ನನ್ನನ್ನೇ ತೋರಿಸಿ "ಇದಾರಾ? ಪೇರು ಪರಯೂ" ಅಂದಳು, ಇದು ಯಾರು, ಹೆಸರು ಹೇಳಿ ಅಂತ. ಇವರು ಬೆವರಿದರು. ಕಿವಿ ಕೆಂಪಾಯಿತು. ಅವಳು ತಲೆ ಅಲ್ಲಾಡಿಸಿ ಪುಸ್ತಕದಲ್ಲಿ ಎಂತದೋ ಬರೆದುಕೊಂಡಳು. ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ, ಆ ಆಸ್ಪತ್ರೆಯೊಳಗೆ ಅದೇ ಮೊದಲು ನಾನು ನಕ್ಕದ್ದು. ನನ್ನ ಹರಕು ಮಲಯಾಳದಲ್ಲಿ ಹೇಳಿದೆ: ಅದು ಕಾಯಿಲೆ ಅಲ್ಲ ಮೋಳೇ, ಮದುವೆಯಾಗಿ 31 ವರ್ಷ ಆಯಿತು, ಇವರು ಒಂದೇ ಒಂದು ಸಲ ನನ್ನ ಹೆಸರು ಹೇಳಿದ್ದಿಲ್ಲ! "ಏ", "ಇಲ್ಲಿ ಕೇಳು", ಸಿಟ್ಟು ಬಂದರೆ "ಮಾರಾಯ್ತೀ". ಮಕ್ಕಳಾದ ಮೇಲೆ ಮಕ್ಕಳ ಹೆಸರೇ ಕೂಗುವುದು, ನಾನು ಬರುವುದು. ನಾನೂ ಇವರ ಹೆಸರು ಹೇಳಿದವಳಲ್ಲ ಬಿಡಿ. ರೇಷನ್ ಆಫೀಸಿನಲ್ಲಿ ಕೇಳಿದರೆ ಕಾರ್ಡು ಮುಂದೆ ಹಿಡಿಯುವುದು.

ಮತ್ತೊಂದು ವಿಚಿತ್ರ ಮನೆಗೆ ಬಂದ ಮೇಲೆ ಗೊತ್ತಾಯಿತು. ರೇಡಿಯೋದಲ್ಲಿ ಯಕ್ಷಗಾನದ ಪದ ಬರ್ತಾ ಇತ್ತು. ನಾನು ಅಡುಗೆ ಮನೆಯಲ್ಲಿದ್ದೆ. ಪದ ಮುಗಿಯಿತು, ಜಾಹೀರಾತು ಶುರುವಾಯಿತು, ಪದ ಮಾತ್ರ ಚಾವಡಿಯಿಂದ ಕೇಳ್ತಾನೇ ಇದೆ. ಇವರು! ಮಾತೊಂದೂ ಬಾರದವರು ಇಡೀ ಪದ ಹಾಡ್ತಾ ಇದ್ದಾರೆ, ಅಕ್ಷರ ತಪ್ಪದೆ. ಡಾಕ್ಟರಿಗೆ ಫೋನು ಮಾಡಿದೆ. ಮಾತು ಹೆಚ್ಚಾಗಿ ಮೆದುಳಿನ ಎಡಗಡೆ, ಹಾಡು ಬಲಗಡೆಯನ್ನೂ ಹಿಡಿದುಕೊಂಡಿರ್ತದೆ, ಮಾತು ಹೋದವರಿಗೂ ಹಾಡು ಉಳಿಯುವುದು ಉಂಟು ಅಂದರು. ಆಮೇಲೆ ಸುಮಾರು ತಿಂಗಳು ನಮ್ಮ ಮನೆಯಲ್ಲಿ ಊಟಕ್ಕೂ ರಾಗ, ಸ್ನಾನಕ್ಕೂ ರಾಗ. "ಬಿಸಿನೀರು ಕಾದಿದೆ" ಅಂತ ನಾನು ತಾಳ ಹಾಕಿ ಹಾಡುವುದು, ಇವರು ಕೊನೆಗೆ ಸೇರಿಸುವುದು. ಅಂಚೆಯವನು ಒಂದು ಸಲ ಗೇಟಿನಲ್ಲೇ ನಿಂತುಬಿಟ್ಟಿದ್ದ.

ಈಗ ಬಿಡಿ ಬಿಡಿ ಮಾತು ಬರ್ತದೆ. ಎರಡು ಪದ, ಒಳ್ಳೆ ದಿನವಾದರೆ ಮೂರು.

ನೆಂಟರು ಬಂದರೆ "ನಿನ್ನ ಸೇವೆ ದೇವರು ನೋಡ್ತಾನೆ" ಅಂತಾರೆ. ನನಗೆ ಆ ಮಾತೇ ಆಗದು. ಸೇವೆ ಅಂದರೆ ಎಂತದು, ಒಬ್ಬರು ಮಾಡುವುದು, ಇನ್ನೊಬ್ಬರು ಸುಮ್ನೆ ಮಾಡಿಸಿಕೊಳ್ಳುವುದು, ಅಲ್ವಾ? ನಮ್ಮಲ್ಲಿ ಹಾಗೆ ಯಾವಾಗ ಇತ್ತು? 2000ದ ಆಸುಪಾಸಿನಲ್ಲಿ ಅಡಿಕೆ ರೇಟು ಪಾತಾಳಕ್ಕೆ ಹೋದಾಗ ನನ್ನ ನಾಲ್ಕು ಬಳೆ ಅಡವು ಹೋಯಿತು. ಒಂದೊಂದು ಬಳೆಗೆ ಒಂದೊಂದು ಚೀಟಿ. ಕೊಡುವಾಗ ನಾನೇ ಕೊಟ್ಟೆ, ಇವರು ಕೇಳಿರಲಿಲ್ಲ. ಮೂರು ವರ್ಷ ಕಳೆದು ಒಂದು ಮಧ್ಯಾಹ್ನ ಒಗ್ಗರಣೆಗೆ ಸಾಸಿವೆ ಡಬ್ಬಿಗೆ ಕೈ ಹಾಕಿದರೆ ಎಂತದೋ ಗಟ್ಟಿ ಸಿಕ್ಕಿತು. ಬಳೆ. ಎಣ್ಣೆ ಕಾದು ಹೊಗೆ ಬಂತು. ನಾನು ಎಂತದೂ ಹೇಳಲಿಲ್ಲ, ಬಳೆಯ ಸಂದಿಯ ಸಾಸಿವೆ ಝಾಡಿಸಿ ಕೈಗೆ ಹಾಕಿ ಅದೇ ಕೈಯಲ್ಲಿ ಸಾರು ಬಡಿಸಿದೆ. ಇವರೂ ತಲೆ ಎತ್ತಲಿಲ್ಲ. ಉಳಿದ ಮೂರೂ ಹಾಗೇ ಬಂದವು, ಆರು ತಿಂಗಳಿಗೋ ಎಂಟು ತಿಂಗಳಿಗೋ ಒಂದು. ಆ ವರ್ಷಗಳಲ್ಲಿ ಇವರು ತಾಳಮದ್ದಳೆಗೆ ರಾತ್ರಿ ನಡೆದೇ ಹೋಗಿ ಬರ್ತಿದ್ದರು ಅಂತ ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ, ಬೇರೆಯವರ ಬಾಯಿಂದ.

ಇವತ್ತಿನದ್ದಕ್ಕೆ ಬರ್ತೇನೆ. ಎರಡನೇ ಡ್ರಮ್ಮಿನ ಹೊತ್ತಿಗೆ ನನಗೆ ಅವಸರ. ಸುಣ್ಣವನ್ನು ತೂಗದೆ ಕಣ್ಣಂದಾಜಿನಲ್ಲಿ ಹಾಕಿದೆ. ಇವರು ಚೂರಿ ಅದ್ದಿದರು. ಕೆಂಪು ಇಲ್ಲ. "ಆಯ್ತಲ್ಲ" ಅಂತ ಹುಡುಗ ಪೈಪು ಇಳಿಸಲು ಹೊರಟ. ಇವರು ಎಡಗೈ ಎತ್ತಿ ನಿಲ್ಲಿಸಿದರು. ಚೂರಿ ಒಂದೇ ಹೇಳ್ತದೆ, ಸುಣ್ಣ ಕಮ್ಮಿಯಾದದ್ದನ್ನು. ಜಾಸ್ತಿಯಾದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಇವರು ಬಣ್ಣ ನೋಡ್ತಾ ಇದ್ದರು, ನೀಲಿ ಸ್ವಲ್ಪ ಪೇಲವ ಆಗಿತ್ತು, ನನಗೂ ಕಂಡಿತ್ತು, ನಾನು ಕಾಣದ ಹಾಗೆ ಮಾಡಿದ್ದೆ.

ತುಟಿ ಕೂಡಿಸಿದರು. ಬಿಟ್ಟರು. ಮತ್ತೆ ಕೂಡಿಸಿದರು. ಹುಡುಗ ಅರ್ಧಕ್ಕೆ ತಾನೇ ಹೇಳಲು ಹೋದ, ನಾನು ಸುಮ್ಮನಿರು ಅಂದೆ.

"ಸುಣ್ಣ... ಸ್ವಲ್ಪ... ಜಾಸ್ತಿ."

"ನಿಮಗೆ ಗೊತ್ತಾದಷ್ಟು ನನಗೆ ಗೊತ್ತಿಲ್ಲ, ನೀವೇ ಕದಡಿ!" ಅಂದೆ. ಇವರು ನಕ್ಕರು, ಈಗಲೂ ಎಡಗಡೆ ಜಾಸ್ತಿ, ಬಲಗಡೆ ಕಮ್ಮಿ ನಗ್ತಾರೆ. ಮತ್ತೆ ತೂಗಿ ತುತ್ತು ಕರಗಿಸಿ ಸೇರಿಸಿದೆ. ಅರ್ಧ ಗಂಟೆ ಹೋಯಿತು.

ಸಂಜೆ ಐದೂವರೆಗೆ ಒಂದು ಸಣ್ಣ ಮೋಡ ಬಂದು ಹೆದರಿಸಿ ಹೋಯಿತು. ಎಲೆಯ ಮೇಲೆ ಮದ್ದು ಅಷ್ಟರಲ್ಲಿ ಒಣಗಿತ್ತು. ನಾನು ಕೈ ಕಾಲು ಎಷ್ಟು ತೊಳೆದರೂ ಉಗುರ ಸಂದಿಯ ನೀಲಿ ಹೋಗಿಲ್ಲ. ಹಲಸಿನ ಹಣ್ಣಿನ ಕೊಟ್ಟಿಗೆ (ಕಡುಬು) ಬೆಳಿಗ್ಗೆಯದ್ದು ನಾಲ್ಕು ಉಳಿದಿದೆ, ರಾತ್ರಿಗೆ ಅದೇ.

ಚಾವಡಿಯಿಂದ ಲೋಟ ಕುಟ್ಟುವ ಸದ್ದು. "ಏ" ಅನ್ನುವುದರ ಬದಲು ಈಗ ಇದು, ಕುರ್ಚಿಯ ಕೈಗೆ ಸ್ಟೀಲ್ ಲೋಟದಲ್ಲಿ ಎರಡು ಸಲ ಕುಟ್ಟಿದರೆ ಬಾ, ಮೂರು ಸಲ ಕುಟ್ಟಿದರೆ ಬೇಗ ಬಾ. ಈಗ ಮೂರಾಯಿತು. ಕಷಾಯ ಇಟ್ಟದ್ದು ಉಕ್ಕಿರಬೇಕು.