ಒಂದು ವರ್ಷದ ವಿಧಾನಸಭೆಗೆ ನಾನೇಕೆ ಮತ ಹಾಕಬೇಕು?

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2019ರ ಮಾರ್ಚ್‌ನಲ್ಲಿ ಮುಗಿದಿತ್ತು. ಮತ್ತೆ ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಗೆದ್ದವರು ಸೇರಿ ಮೇಯರ್ ಆಯ್ಕೆ ಮಾಡಿದ್ದು 2022ರ ಮೇ ತಿಂಗಳಲ್ಲಿ. ನಳಕ್ಕೆ ಎಂಟು-ಹತ್ತು ದಿನಕ್ಕೊಮ್ಮೆ ನೀರು ಬರುವ ಓಣಿಗಳಿರುವ ಊರು ನಮ್ಮದು. ನೀರಿನ ಸರದಿ ತಪ್ಪಿತೆಂದರೆ ನಮ್ಮ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು ಕಾರ್ಪೊರೇಟರ್ ಮನೆಯ ಕಟ್ಟೆಗೆ ಹೋಗಿ ಕೂರುವುದು ಮೊದಲಿನಿಂದ ಬಂದ ವಾಡಿಕೆ. ಚುನಾಯಿತರಿಲ್ಲದ ಆ ದಿನಗಳಲ್ಲಿ ಒಂದು ಮುಂಜಾನೆ, ಎದುರು ಮನೆಯ ಅಜ್ಜಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹೊಸ್ತಿಲು ದಾಟಿದವರು ಅಲ್ಲೇ ನಿಂತು, "ಈಗ ಯಾರ ಮನಿ ಮುಂದ ಹೋಗಿ ಕುಂದರೂದೋ ತಮ್ಮಾ?" ಎಂದು ನನ್ನನ್ನು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಸಂವಿಧಾನದ 129ನೇ ತಿದ್ದುಪಡಿ ಮಸೂದೆಯನ್ನು ಓದಿದಾಗ ನನಗೆ ನೆನಪಾದದ್ದು ಆ ಖಾಲಿ ಕೊಡ. ಲೋಕಸಭೆಗೂ ಎಲ್ಲ ವಿಧಾನಸಭೆಗಳಿಗೂ ಒಟ್ಟಿಗೆ ಚುನಾವಣೆ ನಡೆಸಬೇಕೆಂಬ ಈ ಮಸೂದೆ 2024ರ ಡಿಸೆಂಬರ್ 17ರಂದು ಲೋಕಸಭೆಯಲ್ಲಿ ಮಂಡನೆಯಾಗಿ, ಬಳಿಕ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಅದು ಸೇರಿಸಹೊರಟಿರುವ 82ಎ ವಿಧಿಯ ಪ್ರಕಾರ, ರಾಷ್ಟ್ರಪತಿಗಳು ಗೊತ್ತುಪಡಿಸಿದ ದಿನದ ನಂತರದ ಚುನಾವಣೆಗಳಲ್ಲಿ ರಚನೆಯಾಗುವ ಪ್ರತಿಯೊಂದು ವಿಧಾನಸಭೆಯ ಅವಧಿಯೂ ಆಗಿನ ಲೋಕಸಭೆಯ ಐದು ವರ್ಷಗಳೊಂದಿಗೇ ಮುಗಿಯಬೇಕು. ಆ ದಿನ 2029ರಲ್ಲಿ ಬಂದಿತೆಂದುಕೊಳ್ಳೋಣ. 2028ರಲ್ಲಿ ಆಯ್ಕೆಯಾಗುವ ನಮ್ಮ ವಿಧಾನಸಭೆ 2033ರವರೆಗೆ ಇರುತ್ತದೆ. ಆದರೆ ಆ ಲೋಕಸಭೆಯ ಅವಧಿ 2034ರಲ್ಲಿ ಮುಗಿಯುವುದರಿಂದ, 2033ರಲ್ಲಿ ನಾವು ಸರದಿಯಲ್ಲಿ ನಿಂತು ಆರಿಸುವ ವಿಧಾನಸಭೆಗೆ ದಕ್ಕುವುದು ಸುಮಾರು ಒಂದು ವರ್ಷ. ಮಧ್ಯದಲ್ಲಿ ಸರ್ಕಾರ ಬಿದ್ದು ಸದನ ವಿಸರ್ಜನೆಯಾದರೂ ಇದೇ ನಿಯಮ: ಹೊಸ ಚುನಾವಣೆ ಉಳಿದ ಅವಧಿಗೆ ಮಾತ್ರ. ನನ್ನ ಮತದ ಆಯುಷ್ಯವನ್ನು ನಾನು ಹಾಕುವ ಮೊದಲೇ ಮತ್ತೊಬ್ಬರು ಕತ್ತರಿಸಿಟ್ಟಂತಾಗುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅದೇ ವಿಧಿಯ ಐದನೆಯ ಉಪವಿಧಿ. ಯಾವುದೇ ರಾಜ್ಯದ ಚುನಾವಣೆಯನ್ನು ಲೋಕಸಭೆಯ ಜೊತೆ ನಡೆಸಲಾಗದೆಂದು ಚುನಾವಣಾ ಆಯೋಗಕ್ಕೆ ಅನಿಸಿದರೆ, ಅದನ್ನು ಮುಂದೂಡುವಂತೆ ಆಯೋಗವು ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಬಹುದು. ಎಷ್ಟು ದಿನ ಮುಂದೂಡಬಹುದೆಂಬ ಗಡಿ ಅಲ್ಲಿಲ್ಲ. ಪಾಲಿಕೆಗಳ ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನದ 243-ಯು ವಿಧಿ ಖಚಿತವಾಗಿ ಹೇಳುತ್ತದೆ. ಹಾಗಿದ್ದೂ ನಾವು ವರ್ಷಗಟ್ಟಲೆ ಕಾದೆವು. 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳೂ ಹಾಗೆಯೇ ಕಾದವು. ಮುಂದೂಡಬಾರದೆಂದು ಬರೆದಿದ್ದಾಗಲೇ ಪಾಡು ಹೀಗಾದರೆ, ಮುಂದೂಡಬಹುದೆಂದು ಸಂವಿಧಾನದಲ್ಲೇ ಬರೆದಿಟ್ಟ ಮೇಲೆ ನಾವು ಯಾವ ವಿಧಿಯನ್ನು ತೋರಿಸಿ ನ್ಯಾಯ ಕೇಳುವುದು?

ಚುನಾವಣೆಗಳು ಮೇಲಿಂದ ಮೇಲೆ ಬಂದರೆ ಖರ್ಚು ಹೆಚ್ಚು, ನೀತಿಸಂಹಿತೆಯಿಂದ ಹೊಸ ಕಾಮಗಾರಿಗಳು ನಿಲ್ಲುತ್ತವೆ ಎಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ನೀತಿಸಂಹಿತೆಯ ಅವಧಿಯನ್ನೂ ಮತದಾನದ ಹಂತಗಳನ್ನೂ ಕಡಿಮೆ ಮಾಡಬಹುದು. ವಿಧಾನಸಭೆಯ ಆಯುಷ್ಯವನ್ನೇ ಮೊಟಕುಗೊಳಿಸಬೇಕಿಲ್ಲ.

ಕರ್ನಾಟಕದ ಮತದಾರ ಎರಡು ಸದನಗಳನ್ನು ಬೇರೆ ಬೇರೆಯಾಗಿ ತೂಗಬಲ್ಲವನು. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ 28ರಲ್ಲಿ 24 ಕಾಂಗ್ರೆಸ್ಸಿಗರನ್ನು ಕಳುಹಿಸಿದ ಜನರೇ, ರಾಮಕೃಷ್ಣ ಹೆಗಡೆಯವರು ಸದನ ವಿಸರ್ಜಿಸಿ ಮುಂದೆ ನಿಂತಾಗ, 1985ರ ಮಾರ್ಚ್‌ನಲ್ಲಿ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟರು. ಆ ಮೂರು ತಿಂಗಳ ಅಂತರದಲ್ಲಿ ರಾಜ್ಯದ ಪ್ರಶ್ನೆಗಳು ದೆಹಲಿಯ ಅಲೆಯಿಂದ ಬೇರೆಯಾಗಿ ಕಾಣಿಸಿಕೊಂಡವು. ಇನ್ನು, ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಎಸ್‌.ಆರ್‌. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ ಪ್ರಕರಣದಲ್ಲೇ ಸುಪ್ರೀಂ ಕೋರ್ಟು 1994ರಲ್ಲಿ, ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು, ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ ಎಂಬ ಅರ್ಥದ ಮಾತನ್ನು ಹೇಳಿತು. ಈ ನೆಲದ ಹೆಸರು ಹೊತ್ತ ಆ ತೀರ್ಪನ್ನು ನಾವೇ ಮರೆತರೆ ಹೇಗೆ?

ಮಂಡನೆಯ ದಿನ ಮಸೂದೆಯ ಪರ 269, ವಿರುದ್ಧ 198 ಮತಗಳು ಬಿದ್ದವು. ಅಂಗೀಕಾರಕ್ಕೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು, ಅಂದು ಅಷ್ಟಿರಲಿಲ್ಲ. ಹಾಗಾಗಿ ಒಬ್ಬೊಬ್ಬ ಸಂಸದರ ನಿಲುವಿಗೂ ಬೆಲೆಯಿದೆ. ನಮ್ಮ ಕ್ಷೇತ್ರದ ಸಂಸದರಿಗೆ ನಾನು ಅರ್ಧ ಪುಟದ ಪತ್ರ ಬರೆದು, 2033ರಲ್ಲಿ ನಾನು ಆರಿಸುವ ಶಾಸಕರು ಎಷ್ಟು ದಿನ ನನಗೆ ಉತ್ತರದಾಯಿಗಳಾಗಿರುತ್ತಾರೆಂದು ಕೇಳಿದ್ದೇನೆ. ಓಣಿಯ ಹನ್ನೊಂದು ಜನ ಅದಕ್ಕೆ ಸಹಿ ಹಾಕಿದ್ದಾರೆ. ಮೊದಲ ಸಹಿ ಎದುರು ಮನೆಯ ಅಜ್ಜಿಯದು.